ಗೋಡೆ ಎದ್ದ ಮೇಲೆ ದುಡ್ಡು

"ಜಾಗ ಯಾರ ಹೆಸರಲ್ಲೈತೆ?"

2019ರ ಗ್ರಾಮಸಭೆಯಲ್ಲಿ, ಸರ್ಕಾರಿ ಮನೆಗೆ ಹೆಸರು ಆರಿಸುವಾಗ, ಪಂಚಾಯ್ತಿ ಅಧಿಕಾರಿ (ಪಿಡಿಒ) ಕೇಳಿದ್ದು ಇದೊಂದೇ ಪ್ರಶ್ನೆ. ಅವ್ವ ಎದ್ದು ನಿಂತು "ನಮ್ಮ ಮಾವಂದು ಸಾರ್" ಅಂದಳು. ಮಾವ ಅಂದರೆ ನನ್ನ ತಾತ. ಅವನು ತೀರಿಕೊಂಡು ಆಗಲೇ ಹದಿನಾರು ವರ್ಷ ಆಗಿತ್ತು. ಪಿಡಿಒ ತಲೆ ಎತ್ತದೆ ಮುಂದಿನ ಹೆಸರು ಕರೆದರು. ಅವ್ವ ಇನ್ನೂ ನಿಂತೇ ಇದ್ದಳು. ನಾನು ಸೆರಗು ಜಗ್ಗಿ ಕೂರಿಸಿದೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ಆ ಕಡೆ ಹಳೇ ಮನೆಗಳೆಲ್ಲ ಮಾಳಿಗೆ ಮನೆಗಳು. ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಸೊಪ್ಪು ಕಡ್ಡಿ ಹಾಸಿ ಕರಲು ಮಣ್ಣು. ಬೇಸಿಗೆಯಲ್ಲಿ ಒಳಗೆ ತಣ್ಣಗಿರುತ್ತದೆ, ಅದನ್ನು ಒಪ್ಪಬೇಕು. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಕರಲು ತಂದು ಹರಡದಿದ್ದರೆ ಸೋರುತ್ತದೆ. ರಾತ್ರಿ ಇಲಿ ಓಡಾಡಿದರೆ ಮಲಗಿದವರ ಮುಖದ ಮೇಲೆ ಮಣ್ಣು ಉದುರುತ್ತದೆ. ನಾನು ಪಿಯುಸಿ ಮುಗಿಸುವವರೆಗೂ ಪುಸ್ತಕಗಳನ್ನು ರಸಗೊಬ್ಬರದ ಚೀಲದಲ್ಲಿ ಸುತ್ತಿಡುತ್ತಿದ್ದೆ.

ಅವ್ವ ಅರ್ಜಿ ಹಾಕಿದ್ದು ಮನೆ ಕಟ್ಟಲು ಸರ್ಕಾರ ಸಹಾಯಧನ ಕೊಡುವ ಬಸವ ವಸತಿ ಯೋಜನೆಗೆ. ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. "ಆಶ್ರಯ ಮನೆ ಬಂತಾ?" ಅಂತಲೇ ಕೇಳುತ್ತಾರೆ. ಆಶ್ರಯ ಯೋಜನೆ ಶುರುವಾಗಿದ್ದು 1991-92ರಲ್ಲಿ. ಅದಾದ ಮೇಲೆ ಎಷ್ಟು ಹೆಸರಿನ ಯೋಜನೆ ಬಂದರೂ ಜನರ ಬಾಯಲ್ಲಿ ಉಳಿದಿರುವುದು ಆಶ್ರಯವೇ. ಇನ್ನೂ ವಯಸ್ಸಾದವರು "ಜನತಾ ಮನೆ" ಅನ್ನುತ್ತಾರೆ, ಅದು ದೇವರಾಜ ಅರಸು ಕಾಲದ್ದು.

ಅರ್ಜಿಗೆ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ ಬೇಕು. ಆದಾಯದ ವಿಷಯ ಕೇಳಿ. ಆಗ ಹಳ್ಳಿಯವರಿಗೆ ವರ್ಷಕ್ಕೆ 32,000 ರೂಪಾಯಿ ಮಿತಿ ಇತ್ತು. ಅಂದರೆ ತಿಂಗಳಿಗೆ 2,700ಕ್ಕೂ ಕಡಿಮೆ. ಅಷ್ಟರಲ್ಲಿ ಬದುಕುವ ಸಂಸಾರ ಮನೆ ಕಟ್ಟುವುದಿರಲಿ, ಒಲೆ ಹಚ್ಚುವುದೇ ಕಷ್ಟ ಅಲ್ವಾ? ಆಮೇಲೆ ಆ ಮಿತಿಯನ್ನು ಏರಿಸಿದರು. ಇರಲಿ, ನಾವು ಸಿಕ್ಕಿಬಿದ್ದದ್ದು ಅಲ್ಲಿ ಅಲ್ಲ. ಜಾಗದ ಪತ್ರದಲ್ಲಿ.

ನಾವು ಮೂರು ತಲೆಮಾರಿನಿಂದ ಅದೇ ಜಾಗದಲ್ಲಿದ್ದೇವೆ. ಗ್ರಾಮಠಾಣಾ, ಅಂದರೆ ಊರಿನ ವಾಸದ ಜಾಗದೊಳಗೇ ಇದೆ. ಕಂದಾಯ ಕಟ್ಟಿದ ರಸೀದಿಗಳೂ ಇದ್ದವು, ಎಲ್ಲಾ ತಾತನ ಹೆಸರಲ್ಲಿ. ಅಪ್ಪನ ಹೆಸರಿಗೆ ಖಾತೆ ಆಗಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ತಾತನ ಮರಣ ಪ್ರಮಾಣಪತ್ರ ಬೇಕು. ತಾತ ಸತ್ತಾಗ ಊರೆಲ್ಲಾ ಬಂದು ಮಣ್ಣು ಹಾಕಿ ಹೋಗಿತ್ತು. ಬರೆಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಸತ್ತು ಒಂದು ವರ್ಷ ದಾಟಿದ್ದರೆ ಸುಮ್ನೆ ಅರ್ಜಿ ಕೊಟ್ಟರೆ ಆಗುವುದಿಲ್ಲ. ಆಗ ಕೋರ್ಟಿಗೇ ಹೋಗಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಯ 13(3) ಅಂತ ಒಂದು ಕಲಂ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿ ಆದ ಮೇಲೆ ಈ ಕೆಲಸ ಕೋರ್ಟಿನಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಹೋಗಿದೆ. ನಮ್ಮ ಕಾಲಕ್ಕೆ ವಕೀಲರೇ ಗತಿ. ಮೊದಲು ದಾಖಲೆ ಇಲ್ಲ ಅಂತ ಒಂದು ಪತ್ರ, ಆಮೇಲೆ ಅಫಿಡವಿಟ್, ಆಮೇಲೆ ಸಾಕ್ಷಿ.

ವಕೀಲರು ಮೊದಲು ಕೇಳಿದ್ದು ತಾರೀಕು. ಅಪ್ಪ ಹೇಳಿದ: "ಮಾರಮ್ಮನ ಜಾತ್ರೆ ಆಗಿ ಮೂರನೇ ದಿನ. ಬರ ಬಿದ್ದ ವರ್ಷ."

"ಯಾವ ಬರ?"

"ಹುಣಸೆಮರದ ಬಾವಿ ಬತ್ತಿತ್ತಲ್ಲ, ಆ ವರ್ಷ."

ವಕೀಲರು ಪೆನ್ನು ಕೆಳಗಿಟ್ಟರು. ಕೊನೆಗೆ ಅತ್ತೆ, ಅಂದರೆ ಅಪ್ಪನ ತಂಗಿ, ಬಿಡಿಸಿದಳು. ಅವಳ ದೊಡ್ಡ ಮಗ ತಾತ ಸತ್ತ ಇಪ್ಪತ್ತನೇ ದಿನಕ್ಕೆ ಹುಟ್ಟಿದ್ದ. ಅವನ ಶಾಲೆಯ ಟಿಸಿ ತೆಗೆಸಿ, ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಜಾತ್ರೆಯ ಲೆಕ್ಕಕ್ಕೂ ಸರಿಹೋಯಿತು. 2003ರ ಒಂದು ಗುರುವಾರ ತಾತ ಸತ್ತಿದ್ದು ಅಂತ ಕಾಗದದ ಮೇಲೆ ಬಂತು. ಮಧ್ಯೆ ಕೊರೊನಾ ಬಂದು ಕೋರ್ಟು ತಿಂಗಳುಗಟ್ಟಲೆ ಸರಿಯಾಗಿ ನಡೆಯಲಿಲ್ಲ. ಆದೇಶ ಕೈಗೆ ಬರುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು.

ಖಾತೆಗೆ ಅತ್ತೆಯ ಒಪ್ಪಿಗೆಯೂ ಬೇಕಿತ್ತು. ತಾತನ ಆಸ್ತಿಯಲ್ಲಿ ಅವಳಿಗೂ ಹಕ್ಕಿದೆ. ಇಂಥ ಜಾಗದಲ್ಲೇ ಎಷ್ಟೋ ಮನೆಗಳಲ್ಲಿ ಮಾತು ಬಿಡುವುದು. ಅತ್ತೆ ಬಸ್ಸಿಳಿದು ಬಂದಳು, ಊಟ ಮಾಡಿದಳು, ಸಹಿ ಹಾಕುವ ಮುಂಚೆ ಅವ್ವನ ಮುಖ ನೋಡಿ ಅಂದಳು: "ಅತ್ತಿಗೆ, ನಂಗೆ ದುಡ್ಡು ಬೇಡ, ಜಾಗ ಬೇಡ. ಹಬ್ಬಕ್ಕೆ ಬಂದಾಗ ಮಲಗಾಕೆ ಒಂದು ಮೂಲೆ ಇರಬೇಕು." ಅವ್ವ "ನಡುಮನೇನೇ ನಿಂದು" ಅಂದಳು. ಇಬ್ಬರೂ ಅತ್ತರು. ಅಪ್ಪ ಎದ್ದು ಕುರಿಗಳಿಗೆ ನೀರಿಡಲು ಹೋದ.

ಆಮೇಲೆ ಇ-ಸ್ವತ್ತು, ಅಂದರೆ ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ. ಸರ್ವೆಯವರು ಬಂದು ಅಳತೆ ಮಾಡಿ ನಕ್ಷೆ ಕೊಟ್ಟ ಮೇಲೆ ನಮೂನೆ 9 ಮತ್ತು 11ಎ ಬಂದವು. ಈ ಎರಡು ಹಾಳೆ ಇಲ್ಲದೆ ಆಗ ಹಳ್ಳಿಯ ಮನೆ ಜಾಗವನ್ನು ನೋಂದಣಿ ಮಾಡುತ್ತಿರಲಿಲ್ಲ. ಮನೆ ಮಂಜೂರಾಗುವುದು ಹೆಂಗಸಿನ ಹೆಸರಿಗೆ. ಜಾಗವೂ ಅವಳ ಹೆಸರಲ್ಲೇ ಇರಲಿ ಅಂತ ಅಪ್ಪ ಅವ್ವನಿಗೆ ದಾನಪತ್ರ ಬರೆದುಕೊಟ್ಟ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಇಬ್ಬರನ್ನೂ ಕೂರಿಸಿದಾಗ ಅವ್ವ ತಲೆ ಮೇಲೆ ಸೆರಗು ಹೊದ್ದುಕೊಂಡಳು. ಅವರು ತೆಗೆಯಲು ಹೇಳಿದರು. ಮತ್ತೆ ಹೊದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅಪ್ಪ ಅವಳ ಹೆಸರಿಗೆ ಏನಾದರೂ ಬರೆದಿದ್ದು ಅದೇ ಮೊದಲು.

ಅಷ್ಟರಲ್ಲಿ 2021ರ ನವೆಂಬರ್ ಮಳೆ ಬಂತು. ರಾಜ್ಯದ ತುಂಬಾ ಹೊಡೆದ ಆ ಅಕಾಲ ಮಳೆ ನೆನಪಿರಬಹುದು. ನಮ್ಮ ಹಿಂದಿನ ಗೋಡೆ ಉಬ್ಬಿ ನಿಂತಿತು. ಪಕ್ಕದ ಬೀದಿಯಲ್ಲಿ ಒಂದು ಮನೆ ಪೂರ್ತಿ ಕುಸಿಯಿತು. ಮಳೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಕೊಡುತ್ತಿತ್ತು. ಅವ್ವ ಉಬ್ಬಿದ ಗೋಡೆ ನೋಡುತ್ತಾ, "ಇನ್ನೊಂದು ಸ್ವಲ್ಪ ಧೈರ್ಯ ಮಾಡಬಾರದಿತ್ತಾ ಇದು" ಅಂದಳು. ನಗು ಬಂದರೂ ನಗಲಾಗಲಿಲ್ಲ.

2022ರ ಗ್ರಾಮಸಭೆಯಲ್ಲಿ ಮತ್ತೆ ಅದೇ ಪ್ರಶ್ನೆ. ಈ ಸಲ ಅವ್ವ ಉತ್ತರ ಹೇಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಪಟ್ಟಿಗೆ ಹೆಸರು ಬಂತು. ಇದರ ಮಧ್ಯೆ ಒಬ್ಬರು ಬಂದು "ಹತ್ತು ಸಾವಿರ ಕೊಟ್ಟರೆ ಬೇಗ ಮಾಡಿಸ್ತೀನಿ" ಅಂದಿದ್ದರು. ಕೊಡಲಿಲ್ಲ. ಇರಲೂ ಇಲ್ಲ. ಅವರಿಂದ ಏನೂ ಆಗುವಂತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಆಗಸ್ಟ್ ಹೊತ್ತಿಗೆ ಕಾಮಗಾರಿ ಆದೇಶ ಬಂತು. ಯೋಜನೆಯ ಸಹಾಯಧನ 1.20 ಲಕ್ಷ. ನಾಲ್ಕು ಹಂತ: ಪಾಯ, ಲಿಂಟಲ್, ಮೇಲ್ಛಾವಣಿ, ಪೂರ್ತಿ. ಒಂದೊಂದಕ್ಕೆ 30,000. ಅದರ ಜೊತೆ ನರೇಗಾದಲ್ಲಿ 90 ದಿನದ ಕೂಲಿ. ಆ ವರ್ಷ ದಿನಕ್ಕೆ 309 ರೂಪಾಯಿ, ಒಟ್ಟು 27,810. ಶೌಚಾಲಯಕ್ಕೆ ಬೇರೆ 12,000. ಇಷ್ಟೂ ಸೇರಿಸಿದರೆ 1,59,810.

ಕೇಳಲು ಚೆನ್ನಾಗಿದೆ. ಆದರೆ ಪಾಯದ ದುಡ್ಡು ಪಾಯಕ್ಕೆ ಮುಂಚೆ ಬರುವುದಿಲ್ಲ. ಪಾಯ ಹಾಕಿ, ಪಂಚಾಯ್ತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದ ಮೇಲೆ ಬರುತ್ತದೆ. ಪ್ರತಿ ಹಂತವೂ ಹೀಗೇ. ಮೊದಲು ಗೋಡೆ, ಆಮೇಲೆ ದುಡ್ಡು. ಇದು ಯಾಕೆ ಹೀಗೆ ಅಂತ ನನಗೂ ಅರ್ಥವಾಗುತ್ತದೆ. ಮುಂಗಡ ಕೊಟ್ಟ ದುಡ್ಡು ಮದುವೆಗೋ ಆಸ್ಪತ್ರೆಗೋ ಹೋಗಿ, ಪಾಯದಲ್ಲೇ ನಿಂತ ಮನೆಗಳು ನಮ್ಮೂರಲ್ಲೂ ಇವೆ. ಆದರೆ ಕೈಯಲ್ಲಿ ಏನೂ ಇಲ್ಲದವರಿಗೆ ಅಂತ ಮಾಡಿದ ಯೋಜನೆಯಲ್ಲಿ ಮೊದಲ ರೂಪಾಯಿ ಅವರೇ ಹಾಕಬೇಕು. ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ಅಕ್ಕಾ, ಸರ್ಕಾರದ ಮನೆಗೆ ಸರ್ಕಾರದ ದುಡ್ಡಲ್ಲಿ ಪಾಯ ಹಾಕಿದೋರ್ನ ನಾನಂತೂ ನೋಡಿಲ್ಲ."

ತಡ ಮಾಡುವ ಹಾಗೂ ಇರಲಿಲ್ಲ. ಹೇಳಿದ ಸಮಯಕ್ಕೆ ಕೆಲಸ ಶುರು ಮಾಡದಿದ್ದರೆ ಮಂಜೂರಾದ ಮನೆ ಬ್ಲಾಕ್ ಆಗುತ್ತದೆ, ಅಂದರೆ ತಡೆಹಿಡಿಯುತ್ತಾರೆ ಅಂದಿದ್ದರು.

ಹಳೇ ಮನೆ ಬಿಚ್ಚಿದೆವು. ಪಕ್ಕದಲ್ಲಿ ಕುರಿ ರೊಪ್ಪದ ಒಂದು ಕಡೆ ತಗಡು ಹಾಕಿ ನಾವಿದ್ದೆವು, ಇನ್ನೊಂದು ಕಡೆ ಕುರಿಗಳು. ತೊಲೆ, ಜಂತೆ ಮಾರಿದೆವು. ಮುಂಬಾಗಿಲನ್ನು ಮಾತ್ರ ಮಾರಲು ಅವ್ವ ಬಿಡಲಿಲ್ಲ. ಬೇವಿನ ಮರದ್ದು, ತಾತ ಮಾಡಿಸಿದ್ದು. ಹೊಸ ಮನೆಗೂ ಅದೇ ಇರಬೇಕು ಅಂತ ಹಠ. "ಗಿಡ್ಡ ಆಗುತ್ತಕ್ಕಾ, ಬಂದೋರ ಹಣೆ ಒಡೀತದೆ" ಅಂದ ಮೇಸ್ತ್ರಿ. "ಬಗ್ಗಿ ಬರಲಿ" ಅಂದಳು ಅವ್ವ. ಈಗಲೂ ಎಲ್ಲರೂ ಬಗ್ಗಿಯೇ ಬರುತ್ತಾರೆ.

ಸೈಜುಗಲ್ಲು, ಎಂ ಸ್ಯಾಂಡ್, ಜಲ್ಲಿ, ಸಿಮೆಂಟು, ಕೂಲಿ. 20 ಅಡಿಗೆ 15 ಅಡಿಯ ಮನೆ. ಪಾಯಕ್ಕೇ 68,000 ಆಯಿತು. ನಾನು ಪೇಟೆಯಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಕೂಡಿಟ್ಟಿದ್ದ 50,000 ಹೋಯಿತು. ಉಳಿದದ್ದಕ್ಕೆ ಅಂಗಡಿಯಲ್ಲಿ ಸಾಲ ಹೇಳಿದೆವು. ಸೆಪ್ಟೆಂಬರ್ ಕೊನೆಗೆ ಪಾಯದ ಜಿಪಿಎಸ್ ಆಯಿತು. ಅವ್ವ ಪಾಯದ ಮುಂದೆ ನಿಂತಳು. ಫೋಟೋ ತೆಗೆದವರು ತಾವು ನಿಂತಿದ್ದ ಜಾಗದಲ್ಲಿ ಒಂದು ಕಲ್ಲು ಇಡಲು ಹೇಳಿದರು. ಮುಂದಿನ ಫೋಟೋಗಳೂ ಅಲ್ಲಿಂದಲೇ ತೆಗೆಯೋಣ, ಗೊಂದಲ ಬೇಡ ಅಂತ. ಒಂದು ಗುಂಡುಕಲ್ಲು ಇಟ್ಟೆವು.

ಒಂದು ತಿಂಗಳಾಯಿತು. ದುಡ್ಡು ಬರಲಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ "ನಮ್ಮ ಕಡೆಯಿಂದ ಹೋಗಿದೆ". ಬ್ಯಾಂಕಿನಲ್ಲಿ ಪಾಸ್‌ಬುಕ್ ಹಾಕಿಸಿದರೆ ಹಳೇ ಬಾಕಿಯೇ. ವಾರಕ್ಕೊಂದು ಸಲ ರಜೆ ಕೇಳಿ ಓಡಾಡಿದೆ. ಕೆಲಸ ನಿಂತಿತು. ಮಳೆ ನೀರು ಪಾಯದೊಳಗೆ ನಿಂತು ಕಪ್ಪೆ ಕೂಗತೊಡಗಿದವು. ಮೇಸ್ತ್ರಿ "ಈ ವಾರ ಇಟ್ಟಿಗೆ ಬರಲಿಲ್ಲ ಅಂದ್ರೆ ನಾನು ಬೇರೆ ಕೆಲಸ ಹಿಡೀತೀನಿ ತಾಯಿ, ನಂಗೂ ಹುಡುಗರಿಗೆ ಕೂಲಿ ಕೊಡಬೇಕು" ಅಂದ. ಅವನದೂ ತಪ್ಪಿಲ್ಲ.

ಅಪ್ಪ ಎಂಟು ಕುರಿ ಮಾರಿದ. ಒಂದಕ್ಕೆ 9,000 ಸಿಕ್ಕಿತು. ಅವನ್ನು ಮುಂದಿನ ಬಕ್ರೀದ್‌ಗೆ ಅಂತ ಮೇಯಿಸುತ್ತಿದ್ದ. ಆಗ ಮಾರಿದ್ದರೆ ಮೂರು ನಾಲ್ಕು ಸಾವಿರ ಜಾಸ್ತಿ ಬರುತ್ತಿತ್ತು. ವ್ಯಾಪಾರಿಗೂ ಗೊತ್ತು, ಪಾಯ ಹಾಕಿ ಕೂತವನ ಕುರಿ ಅಂತ. ಒಂದು ಮರಿಯನ್ನು ಟೆಂಪೋಗೆ ಹತ್ತಿಸುವಾಗ ಅದು ಇಳಿದು ಓಡಿ ಬಂದು ಅಪ್ಪನ ಕಾಲ ಸಂದಿಯಲ್ಲಿ ನಿಂತಿತು. ಅಪ್ಪನೇ ಎತ್ತಿ ಒಳಗೆ ಹಾಕಿದ.

ನವೆಂಬರ್ ಕೊನೆಯಲ್ಲಿ ವಿಷಯ ಗೊತ್ತಾಯಿತು. ಗೊತ್ತಾಗಿದ್ದು ಪಕ್ಕದ ಮನೆಯ ಹುಡುಗನಿಂದ, ಸೈಬರ್ ಸೆಂಟರ್ ಇಟ್ಟವನು. ಅವನು ವಸತಿ ನಿಗಮದ ವೆಬ್‌ಸೈಟಿನಲ್ಲಿ ಅವ್ವನ ಫಲಾನುಭವಿ ಸಂಖ್ಯೆ ಹಾಕಿ ನೋಡಿದ. ದುಡ್ಡು ಪಾವತಿ ಆಗಿದೆ ಅಂತ ಇತ್ತು. "ಅಕ್ಕಾ, ಇವರ ಆಧಾರ್ ಯಾವ ಖಾತೆಗೆ ಸೇರೈತೆ ನೋಡೋಣ" ಅಂದ. ಆಧಾರ್ ವೆಬ್‌ಸೈಟಿನಲ್ಲೇ ಅದನ್ನು ನೋಡಬಹುದು, ಫೋನಿಗೆ ಓಟಿಪಿ ಬರುತ್ತದೆ. ನೋಡಿದರೆ ನಾವು ಅರ್ಜಿಯಲ್ಲಿ ಕೊಟ್ಟ ಬ್ಯಾಂಕೇ ಅಲ್ಲ. ಅಂಚೆಯ ಖಾತೆ!

ಅವ್ವ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು. ಬೇಸಿಗೆಯಲ್ಲಿ ಒಂದು ದಿನ ಊರ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿ ಅಂಚೆಯಲ್ಲಿ ಖಾತೆ ಮಾಡಿಸಿದ್ದರಂತೆ, ಇವಳೂ ಒತ್ತಿದ್ದಳಂತೆ. ಕಾರ್ಡು ಕೊಟ್ಟಿದ್ದರು. ಅದು ದೇವರ ಗೂಡಿನಲ್ಲಿ ಕುಂಕುಮದ ಡಬ್ಬಿಯ ಕೆಳಗೆ ಇತ್ತು. ಆಧಾರ್ ಮೂಲಕ ಬರುವ ದುಡ್ಡು ಪಾಸ್‌ಬುಕ್ಕಿನ ನಂಬರು ನೋಡುವುದಿಲ್ಲ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. 30,000 ಅಕ್ಟೋಬರ್ ಎರಡನೇ ವಾರದಿಂದ ಅಲ್ಲೇ ಕೂತಿತ್ತು. ಕುರಿ ಮಾರಿದ್ದು ನವೆಂಬರ್ ಮೊದಲನೇ ವಾರ.

ಅಪ್ಪ ಏನೂ ಅನ್ನಲಿಲ್ಲ. ಅವ್ವನೇ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು. ಪಿಯುಸಿ ಓದಿದವಳು, ದಿನಾ ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ ಹಾಕುವವಳು ನಾನು. ಇದನ್ನು ಮೊದಲೇ ನೋಡಬಹುದಿತ್ತು. ಯಾರಾದರೂ ಈಗ ಅರ್ಜಿ ಹಾಕುತ್ತಿದ್ದರೆ ಪಾಯ ತೆಗೆಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ಹೆಸರಿನ ಅಕ್ಷರವನ್ನೂ ನೋಡಿಕೊಳ್ಳಿ. ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಇದ್ದರೆ ಅದಕ್ಕೇ ಒಂದು ತಿಂಗಳು ಹೋಗುತ್ತದೆ.

ಆಮೇಲಿನ ಕೆಲಸ ಬೇಗ ಬೇಗ ಆಯಿತು. ಸಂಘದಲ್ಲಿ ಅವ್ವ ಒಂದು ಲಕ್ಷ ಸಾಲ ತೆಗೆದಳು. ಡಿಸೆಂಬರಿನಲ್ಲಿ ಲಿಂಟಲ್, ಫೆಬ್ರವರಿಯಲ್ಲಿ ಮೋಲ್ಡ್. ಮೋಲ್ಡ್ ಹಾಕುವ ದಿನ ಊರಿನ ಅರ್ಧ ಜನ ಬಂದು ಬಾಂಡ್ಲಿ ಕೈಗೆ ಕೈ ದಾಟಿಸಿದರು. ಅದು ಮಾತ್ರ ಇನ್ನೂ ಉಳಿದಿದೆ, ಮೋಲ್ಡ್ ದಿನ ಯಾರೂ ಕೂಲಿ ಲೆಕ್ಕ ಹಾಕುವುದಿಲ್ಲ. ಊಟ ಚೆನ್ನಾಗಿ ಹಾಕಬೇಕು ಅಷ್ಟೇ. ಮುದ್ದೆ, ಕೋಳಿ ಸಾರು, ಅನ್ನ. ಆಮೇಲೆ ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ನೀರು ಹೊಡೆಯುವ ಕೆಲಸ ಅಪ್ಪನದು. ನರೇಗಾ ಕೂಲಿಗೆ ಅವ್ವ ಅಪ್ಪ ಇಬ್ಬರ ಹೆಸರೂ ಜಾಬ್ ಕಾರ್ಡಿನಲ್ಲಿ ಇತ್ತು. ಕಲ್ಲು ಹೊತ್ತಿದ್ದು, ನೀರು ಹೊಡೆದಿದ್ದು ಅವರೇ. ಹಾಗಾಗಿ ಆ ದುಡ್ಡು ನಿಜವಾಗಿಯೂ ಅವರ ಕೂಲಿಯೇ.

ಮೋಲ್ಡ್ ಬಿಚ್ಚಿದ ಮೇಲೆ ಒಳಗಿನ ಗಾರೆಗೆ ದುಡ್ಡು ಸಾಲದೆ ಅವ್ವ ಓಲೆ ಅಡ ಇಟ್ಟಳು. 30,000. 2023ರ ಮೇ ತಿಂಗಳಲ್ಲಿ ಕೊನೆಯ ಜಿಪಿಎಸ್. ಅದಕ್ಕೆ ಮುಂಚೆ ಗೋಡೆ ಮೇಲೆ ಯೋಜನೆಯ ಹೆಸರು, ಫಲಾನುಭವಿಯ ಹೆಸರು, ವರ್ಷ ಬರೆಸಿದೆವು. ಅವ್ವನಿಗೆ ಓದಲು ಬರುವುದು ಅಷ್ಟಕ್ಕಷ್ಟೇ. ಪೇಂಟರ್ ಹೋದ ಮೇಲೆ ಒಬ್ಬಳೇ ನಿಂತು ತನ್ನ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದುತ್ತಿದ್ದಳು. ಬಣ್ಣ ಒಣಗಿರಲಿಲ್ಲ. ಕೊನೆಯ ಅಕ್ಷರದ ಕೊಂಬು ಸ್ವಲ್ಪ ಸವರಿಹೋಗಿದೆ, ಈಗಲೂ ಹಾಗೇ ಇದೆ.

ಲೆಕ್ಕ ಪೂರ್ತಿ ಬರೆದಿಟ್ಟಿದ್ದೇನೆ, ನೂರು ಪುಟದ ನೋಟ್‌ಬುಕ್ಕಿನಲ್ಲಿ. ಒಟ್ಟು 4,12,000. ಸರ್ಕಾರದಿಂದ 1,59,810. ಉಳಿದ ಸುಮಾರು 2,52,000ಕ್ಕೆ ನನ್ನ 50,000, ಕುರಿಯ 72,000, ಸಂಘದ ಒಂದು ಲಕ್ಷ, ಓಲೆಯ 30,000. ಸಂಘಕ್ಕೆ ಎರಡು ವರ್ಷ ಪ್ರತಿ ಮಂಗಳವಾರ 1,150 ಕಟ್ಟಿದೆವು. ತಿಂಗಳಿಗೆ ಹತ್ತಿರ ಹತ್ತಿರ ಐದು ಸಾವಿರ. ನನ್ನ ಸಂಬಳ ಒಂಬತ್ತು. ಯಾರಾದರೂ "ಸರ್ಕಾರ ಮನೆ ಕಟ್ಟಿಸಿಕೊಡ್ತು" ಅಂದಾಗ ನಾನು ಜಗಳ ಮಾಡುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಆ 1.6 ಲಕ್ಷ ಇಲ್ಲದಿದ್ದರೆ ನಾವು ಹಳೇ ಗೋಡೆಗೆ ಕೈ ಹಾಕುತ್ತಲೇ ಇರಲಿಲ್ಲ, ಅದೂ ನಿಜ.

ಸಂಘದ ಸಾಲ 2024ರ ಕೊನೆಗೆ ತೀರಿತು. ಓಲೆ ಬಿಡಿಸಿದ್ದು ಆಮೇಲೆ. ಹೊರಗಿನ ಗಾರೆ ಇನ್ನೂ ಆಗಿಲ್ಲ, ಸಿಮೆಂಟ್ ಇಟ್ಟಿಗೆ ಹಾಗೇ ಕಾಣುತ್ತದೆ. ಜಿಪಿಎಸ್‌ಗೆ ಇಟ್ಟ ಗುಂಡುಕಲ್ಲು ಅಲ್ಲೇ ಇದೆ. ಅದರ ಮೇಲೆ ನಿಂತು ಕಾಲು ತೊಳೆದುಕೊಂಡು ಒಳಗೆ ಬರುತ್ತೇವೆ.

ಮನೆ ಆದ ಮೇಲಿನ ಮೊದಲ ಯುಗಾದಿಗೆ ಅತ್ತೆ ಬಂದಳು. ಬಾಗಿಲಲ್ಲಿ ಬಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಳು. ರಾತ್ರಿ ಅವ್ವ ನಡುಮನೆಯಲ್ಲೇ ಹಾಸಿಕೊಟ್ಟಳು. ಅತ್ತೆ ಬಹಳ ಹೊತ್ತು ಮೇಲೆ ನೋಡುತ್ತಾ ಮಲಗಿದ್ದಳು. "ಮಣ್ಣೇ ಉದುರಲ್ಲ ಕಣೇ ಅತ್ತಿಗೆ, ನಿದ್ದೇನೇ ಬರ್ತಿಲ್ಲ" ಅಂದಳು. ಅವ್ವ ನಕ್ಕಳು. ಏಪ್ರಿಲ್ ತಿಂಗಳು, ಆರ್‌ಸಿಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತಿತ್ತು. ಅಪ್ಪ ಆಗಲೇ ಚಾಪೆ ಎತ್ತಿಕೊಂಡು ರೊಪ್ಪದ ಕಡೆ ಹೋಗಿದ್ದ.